ಮಡಚಬಲ್ಲ ಹಾಯಿ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಕಾವೇರಿಯೇ ಎಲ್ಲೆ. ಆಚೆಯ ದಡ ಕೊಡಗಿನ ಕುಶಾಲನಗರ. ಈ ಭಾಗದಲ್ಲಿ ಹರಿಗೋಲನ್ನು ಬಲ್ಲವರುಂಟು, ಹಾಯಿಹಡಗನ್ನು ಕಂಡವರು ವಿರಳ. ಆದರೂ ಇದೇ ನೀರು ಕೃಷ್ಣರಾಜಸಾಗರವನ್ನು ದಾಟಿ, ತಮಿಳುನಾಡಿನ ಬಯಲುಗಳನ್ನು ತಣಿಸಿ, ಕಡಲನ್ನು ಸೇರುತ್ತದೆಂದು ನೆನೆದಾಗ ಮನಸ್ಸು ತಾನೂ ಅದರ ಬೆನ್ನೇರಿ ಹೊರಡುತ್ತದೆ. ಅಂತಹ ಹಂಬಲಕ್ಕೆ ತಕ್ಕ ನೌಕೆಯೊಂದನ್ನು ನಾನು ಚಿತ್ರದಲ್ಲಿ ಕಂಡು ಮರುಳಾದೆ. ಅದು 'ಜಂಕ್' ಹಾಯಿಯ ಪುಟ್ಟ ನೌಕೆ.

ಜಂಕ್ ಎಂಬುದು ಚೀನಾ ದೇಶದ ಪ್ರಾಚೀನ ಹಡಗು. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಕಲ್ಲಿಕೋಟೆಗೆ ಹೋದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಇಂತಹ ಹಡಗುಗಳನ್ನು ನೋಡಿದನು. ಅವುಗಳ ಹಾಯಿಗಳನ್ನು ಬಿದಿರಿನಿಂದ ಚಾಪೆಯಂತೆ ಹೆಣೆದಿದ್ದರೆಂದು ಅವನು ಬರೆದಿದ್ದಾನೆ.

ಈ ಹಾಯಿಯ ರಚನೆ ಸರಳವಾದುದು. ಹಾಯಿಯ ಅಡ್ಡಕ್ಕೆ ಹಲವು ಬಿದಿರಿನ ಗಳುಗಳನ್ನು ಕಟ್ಟಿರುತ್ತಾರೆ. ಅದರಿಂದ ಹಾಯಿಯು ಅನೇಕ ಪಟ್ಟಿಗಳಾಗಿ ವಿಭಾಗವಾಗುತ್ತದೆ. ಗಳುಗಳ ತುದಿಯಿಂದ ಬರುವ ಸಣ್ಣ ಹಗ್ಗಗಳೆಲ್ಲ ಒಂದು ದೊಡ್ಡ ಹಗ್ಗದಲ್ಲಿ ಕೂಡುತ್ತವೆ. ಗಾಳಿ ಬಲವಾದರೆ ನಾವಿಕನು ಹಾಯಿಯನ್ನು ಏರಿಸಿದ ಹಗ್ಗವನ್ನು ಸ್ವಲ್ಪ ಸಡಿಲಿಸಿದರೆ ಸಾಕು. ಕೆಳಗಿನ ಪಟ್ಟಿಗಳು ತಮ್ಮ ಭಾರಕ್ಕೆ ತಾವೇ ಇಳಿದು, ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಬಟ್ಟೆ ಒಂದೆಡೆ ಹರಿದರೂ ಹರಕು ಆ ಪಟ್ಟಿಯನ್ನು ದಾಟುವುದು ಕಡಿಮೆ. ಇದಕ್ಕೂ ಕೊರತೆಯುಂಟು: ಹಾಯಿ ಭಾರವಾದುದು, ಎದುರುಗಾಳಿಯಲ್ಲಿ ಇದರ ವೇಗ ಇತರ ಹಾಯಿಗಳಿಗಿಂತ ಕಡಿಮೆ.

ಇಂಗ್ಲೆಂಡಿನ ಹ್ಯಾಸ್ಲರ್ ಎಂಬ ನಿವೃತ್ತ ಸೈನ್ಯಾಧಿಕಾರಿ ಈ ಹಾಯಿಯನ್ನು ಸುಮಾರು 25 ಅಡಿ ಉದ್ದದ 'ಜೆಸ್ಟರ್' ಎಂಬ ನೌಕೆಗೆ ಅಳವಡಿಸಿದನು. 1960ರಲ್ಲಿ ನಡೆದ ಒಂಟಿ ನಾವಿಕರ ಸ್ಪರ್ಧೆಯಲ್ಲಿ ಅವನು ಅಟ್ಲಾಂಟಿಕ್ ಸಾಗರವನ್ನು 48 ದಿನಗಳಲ್ಲಿ ದಾಟಿ ಎರಡನೆಯವನಾದನು. ಬಿರುಗಾಳಿಯಲ್ಲಿ ಹೊರಗೆ ಬಂದು ಪ್ರಾಣವನ್ನು ಪಣಕ್ಕೊಡ್ಡದೆ, ಒಳಗಿನ ಕಿಂಡಿಯಲ್ಲಿ ನಿಂತೇ ಹಾಯಿಯನ್ನು ಕುಗ್ಗಿಸಬಹುದಾಗಿದ್ದುದೇ ಅವನ ನೌಕೆಯ ಹೆಚ್ಚುಗಾರಿಕೆ.

ಇಂತಹ ಸಾಹಸ ಪರದೇಶದವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಭಾರತೀಯ ನೌಕಾಪಡೆಯ ದಿಲೀಪ್ ದೋಂಡೆಯವರು 2009ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟು, ಒಬ್ಬರೇ ಭೂಮಂಡಲವನ್ನು ಸುತ್ತಿ, 2010ರ ಮೇ ತಿಂಗಳಲ್ಲಿ ಮರಳಿದರು. ಅಭಿಲಾಷ್ ಟಾಮಿಯವರು 2012-13ರಲ್ಲಿ ಎಲ್ಲಿಯೂ ನಿಲ್ಲದೆ ಆ ಯಾನವನ್ನು ಪೂರೈಸಿದರು. ಅವರಿಬ್ಬರನ್ನೂ ಹೊತ್ತ ನೌಕೆಯ ಹಾಯಿ ಜಂಕ್ ಮಾದರಿಯದಲ್ಲ. ಆದರೆ ಅದರ ಹೆಸರು 'ಮಹದಾಯಿ'. ಅದು ನಮ್ಮ ಬೆಳಗಾವಿ ಜಿಲ್ಲೆಯ ಕಾಡಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ನದಿಯ ಹೆಸರು. ಮಲೆನಾಡಿನ ಒಂದು ತೊರೆಯ ಹೆಸರು ಹೀಗೆ ಏಳು ಕಡಲುಗಳನ್ನು ಕಂಡು ಬಂದಿತು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳಿದರು. ಗಾಳಿ ಮೀರಿದಾಗ ಮಡಚಿಕೊಳ್ಳಬೇಕೆಂದು ಜಂಕ್ ಹಾಯಿ ಹೇಳುತ್ತದೆ. ಮಡಚಿಕೊಳ್ಳುವುದು ಸೋಲಲ್ಲ, ಮರುದಿನ ಮತ್ತೆ ಬಿಚ್ಚಿಕೊಳ್ಳುವುದಕ್ಕೆ ಅದೇ ದಾರಿ. ದೂರದ ಪಯಣವನ್ನು ಕನಸು ಕಾಣುವವರು ಮೊದಲು ಕಲಿಯಬೇಕಾದ ಪಾಠವಿದು. ನಾನು ಕಡಲನ್ನು ದಾಟಲಿಲ್ಲ. ಆದರೆ ಕೊಪ್ಪದ ಸೇತುವೆಯ ಮೇಲೆ ನಿಂತು ನೀರನ್ನು ನೋಡುವ ನಿಮ್ಮಲ್ಲಿ ಒಬ್ಬರಾದರೂ ದಾಟಬಾರದೇಕೆ?