ಸ್ಥಳವಿಲ್ಲದೆ ಬಂದ ಕೂಸಿಗೆ ಗೋದಲಿಯೇ ತೊಟ್ಟಿಲು

ಡಿಸೆಂಬರ್ ಬಂತೆಂದರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ. ಮಕ್ಕಳು ಬೈಹುಲ್ಲು ತರುತ್ತಾರೆ, ಕಾಗದ ಕತ್ತರಿಸಿ ನಕ್ಷತ್ರ ಮಾಡುತ್ತಾರೆ, ಪೆಟ್ಟಿಗೆಯೊಳಗಿನ ಹಳೆಯ ಗೊಂಬೆಗಳ ಧೂಳೊರೆಸುತ್ತಾರೆ. ನೋಡಲು ಆಟದಂತಿರುವ ಈ ಪುಟ್ಟ ಕೊಟ್ಟಿಗೆ ಕ್ರೈಸ್ತ ನಂಬಿಕೆಯ ಸಾರವನ್ನೇ ಹೇಳುತ್ತದೆ.

ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ರೋಮ್ ಚಕ್ರವರ್ತಿಯ ಖಾನೇಷುಮಾರಿಗೆಂದು ಯೋಸೇಫನೂ ತುಂಬು ಗರ್ಭಿಣಿ ಮರಿಯಳೂ ಬೆತ್ಲೆಹೇಮಿಗೆ ಬಂದರು. ಉಳಿಯಲು ಸ್ಥಳ ಸಿಗಲಿಲ್ಲ. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಲೂಕನ ಸುವಾರ್ತೆ ಹೇಳುವುದು ಇಷ್ಟೇ. ಚಕ್ರವರ್ತಿಯ ಲೆಕ್ಕದಲ್ಲಿ ಒಂದು ಸಂಖ್ಯೆಯಾಗಬೇಕಿದ್ದ ಕೂಸನ್ನೇ ದೇವರು ಮನುಷ್ಯನಾಗಿ ಬಂದ ರೂಪವೆಂದು ಕ್ರೈಸ್ತರು ನಂಬುತ್ತಾರೆ. ಅರಮನೆಯ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಕೊಟ್ಟಿಗೆಗೆ ಯಾರೂ ಬರಬಹುದು.

ಬಂದವರು ಯಾರು? ಮೊದಲು ಬಂದವರು ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರು. ಪೂರ್ವದೇಶದ ಜ್ಞಾನಿಗಳ ಕಥೆ ಇರುವುದು ಮತ್ತಾಯನ ಸುವಾರ್ತೆಯಲ್ಲಿ. ಅವರು ಮೂವರೆಂದು ಅಲ್ಲಿ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಆ ಎಣಿಕೆ ಬಂದಿದೆ. ಓದುಬರಹ ಬಲ್ಲವರೂ ಬಾರದವರೂ, ಉಳ್ಳವರೂ ಇಲ್ಲದವರೂ ಗೋದಲಿಯ ಮುಂದೆ ಒಟ್ಟಿಗೆ ಮಂಡಿಯೂರುತ್ತಾರೆ.

ಇನ್ನೊಂದು ಸೋಜಿಗ: ಎತ್ತು, ಕತ್ತೆಗಳ ಮಾತು ಈ ಎರಡು ಸುವಾರ್ತೆಗಳ ಜನನಕಥೆಯಲ್ಲಿ ಬರುವುದೇ ಇಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದಿಂದ. ಮೂಕಪ್ರಾಣಿಗೂ ತನ್ನ ಒಡೆಯನ ಗುರುತಿದೆ, ಜನರಿಗೆ ಮಾತ್ರ ಇಲ್ಲ ಎಂಬುದು ಅಲ್ಲಿನ ಕೊರಗು. ಗೋದಲಿಯ ಪಕ್ಕದ ಎತ್ತು ಬರಿಯ ಅಲಂಕಾರವಲ್ಲ, ನೋಡುವವನಿಗೆ ಹಾಕಿದ ಪ್ರಶ್ನೆ.

ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ 'ರೊಟ್ಟಿಯ ಮನೆ' ಎಂದು ಅರ್ಥ. ಮುಂದೆ ತನ್ನನ್ನೇ ಜೀವದ ರೊಟ್ಟಿ ಎಂದು ಕರೆದುಕೊಂಡವನು ಮೊದಲು ಮಲಗಿದ್ದು ಮೇವಿನ ತೊಟ್ಟಿಯಲ್ಲಿ. ಪರರಿಗೆ ಆಹಾರವಾಗುವ ಬಾಳು ಅಲ್ಲಿಂದಲೇ ಶುರುವಾಯಿತೆಂದು ಭಕ್ತರು ಧ್ಯಾನಿಸುತ್ತಾರೆ.

ಗೋದಲಿಯನ್ನು ಜನರ ನಡುವೆ ತಂದ ಕೀರ್ತಿ ಅಸ್ಸಿಸಿಯ ಸಂತ ಫ್ರಾನ್ಸಿಸರದು. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಅವರು ಹುಲ್ಲು ತುಂಬಿದ ತೊಟ್ಟಿ ಇಡಿಸಿ, ನಿಜವಾದ ಎತ್ತು ಮತ್ತು ಕತ್ತೆಯನ್ನು ತರಿಸಿದರು. ಹಳ್ಳಿಗರು ಪಂಜು ಹಿಡಿದು ಬಂದರು. ಆ ಮಗು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬುದು ಫ್ರಾನ್ಸಿಸರ ಹಂಬಲ. ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ ಎಲ್ಲವನ್ನೂ ತೊರೆದ ಅವರಿಗೆ ಬಡತನ ಗೊಂಬೆಯಾಟವಾಗಿರಲಿಲ್ಲ.

ಆ ರಾತ್ರಿಗೆ 800 ವರ್ಷ ತುಂಬಿದ್ದು 2023ರಲ್ಲಿ. ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದ ಆ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಲುಥೆರನ್ ಚರ್ಚೊಂದು ಹುಲ್ಲಿನ ಬದಲು ಒಡೆದ ಕಲ್ಲು, ಕಾಂಕ್ರೀಟಿನ ನಡುವೆ ಬಾಲಯೇಸುವನ್ನು ಮಲಗಿಸಿತು. ಸ್ಥಳವಿಲ್ಲದವರ ಕಥೆ ಹಳೆಯದಾಗಿಲ್ಲ ಎಂದು ಹೇಳಲು ಬೇರೆ ಮಾತು ಬೇಕಾಗಲಿಲ್ಲ.

ಅದೇ ಊರಿನ ಜನನ ದೇವಾಲಯದ ಬಾಗಿಲು ಬಹಳ ಗಿಡ್ಡ. ಎಂಥ ದೊಡ್ಡವನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಅದಕ್ಕೆ 'ವಿನಯದ ಬಾಗಿಲು' ಎಂದೇ ಹೆಸರು. ಮಕ್ಕಳು ಮಾತ್ರ ಬಗ್ಗದೆ ನಡೆದುಹೋಗುತ್ತಾರೆ!

ಹಲವು ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯವರೆಗೆ ಗೋದಲಿಯ ತೊಟ್ಟಿಯನ್ನು ಖಾಲಿ ಬಿಡುವ ರೂಢಿಯಿದೆ. 'ಪಾಪು ಎಲ್ಲಿ?' ಎಂದು ಮಗು ಕೇಳುತ್ತದೆ. 'ಬರುತ್ತಾನೆ, ಜಾಗ ಮಾಡು' ಎಂದು ತಾಯಿ ಹೇಳಿದರೆ ಸಾಕು. ಬೆಂಚಿನಲ್ಲಿ ಒಬ್ಬಂಟಿಯಾಗಿ ಕುಳಿತ ಸಹಪಾಠಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿದವರಿಗೆ ಜಾಗ ಮಾಡಿಕೊಡಲು ಆ ಮಗು ಕಲಿತರೆ ಗೋದಲಿ ಕಟ್ಟಿದ್ದು ಸಾರ್ಥಕ.