ಹೊಸ ಬಣ್ಣದ ಹಿಂದಿನ ಬಿರುಕು

ಮನೆ ಮಾರುವವರು
ಅದರ ದೋಷಗಳನ್ನು ಕೊಳ್ಳುವವರಿಗೆ ತಿಳಿಸಲೇಬೇಕೆ?

ಸಿಪ್ಪೆಯ ಮೇಲೆ ಕಲೆಯೇ ಇಲ್ಲದ ಮಾವಿನ ಹಣ್ಣಿನ
ವಾಟೆಯೊಳಗೆ ಹುಳು ಅಡಗಿರುವಂತೆ,
ಹೊಸ ಬಣ್ಣದ ಹಿಂದೆ ಅಡಗಿರುವ,
ಮಾರುವವರಿಗೆ ಗೊತ್ತಿದ್ದು
ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ
ಗಂಭೀರ ದೋಷವನ್ನು,
ಹಾಗೆಯೇ ಹಕ್ಕಿನ, ಅಂದರೆ ಒಡೆತನದ, ತೊಡಕನ್ನು
ಮಾರುವವರೇ ತಿಳಿಸಬೇಕೆಂದೂ,
ಬಚ್ಚಿಟ್ಟರೆ ಅದು ವಂಚನೆಯೆಂದೂ
1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ.

ಆದರೆ ಈ ಹೊಣೆ ಅನ್ವಯಿಸುವುದು
ಅದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದಾಗ ಮಾತ್ರ;
ಆದುದರಿಂದ ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂಬ ಒಂದೇ ಸಾಲು
ಈ ರಕ್ಷಣೆಯನ್ನು ಸಡಿಲಗೊಳಿಸಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ
ಮನೆಯ ಸ್ಥಿತಿಯನ್ನು ವಿವರಿಸುವ ನಿಗದಿತ ನಮೂನೆಯನ್ನು
ಮಾರುವವರು ಭರ್ತಿ ಮಾಡಿ ಕೊಡಬೇಕು;
ಭಾರತದ ಈ ಕಾಯ್ದೆಯಲ್ಲಿ ಅಂಥ ನಮೂನೆಯಿಲ್ಲ,
ಅದು ಖಂಡಿತವಾಗಿ ಬೇಕು.

ಉಪನೋಂದಣಾಧಿಕಾರಿ ಕಚೇರಿಯ ಇ.ಸಿ.,
ಅಂದರೆ ಋಣಭಾರ ಪ್ರಮಾಣಪತ್ರ,
ನೋಂದಾಯಿತ ಅಡಮಾನವನ್ನು ತೋರಿಸುತ್ತದೆಯೇ ಹೊರತು
ಸೋರುವ ತಾರಸಿಯನ್ನಲ್ಲ.

ಮುಂಗಡ ಕೊಡುವ ಮೊದಲೇ
ಸೋರಿಕೆ, ಬಿರುಕು, ಕೊಳವೆಬಾವಿ, ವ್ಯಾಜ್ಯಗಳ ಬಗ್ಗೆ
ಕೊಳ್ಳುವವರು ಬರಹದಲ್ಲೇ ಪ್ರಶ್ನಿಸಬೇಕು;
ಆಸ್ತಿಗೂ ಅದರ ಹಕ್ಕಿಗೂ ಸಂಬಂಧಿಸಿದ ಪ್ರಶ್ನೆಗಳಿಗೆ
ತಿಳಿದಷ್ಟನ್ನು ಉತ್ತರಿಸುವುದು
ಅದೇ 55ನೇ ಕಲಮಿನಡಿ ಮಾರುವವರ ಹೊಣೆ.