ಕೆಎ 18: ಬೆಟ್ಟದ ಗಾಡಿಗಳ ಗುರುತು

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲುವ ಗಾಡಿಗಳ ಊರನ್ನು ಕೇಳಿ ತಿಳಿಯಬೇಕಿಲ್ಲ, ನಂಬರ್ ಫಲಕವೇ ಹೇಳುತ್ತದೆ. 19 ಎಂದರೆ ಮಂಗಳೂರು, 20 ಉಡುಪಿ, 21 ಪುತ್ತೂರು, ಸಕಲೇಶಪುರದ್ದು 46. ಮೂಡಿಗೆರೆ, ಕಳಸದ ತೋಟದ ಜೀಪುಗಳದ್ದು ಕೆಎ 18. ತರೀಕೆರೆಗೆ ಬೇರೆ ಆರ್‌ಟಿಒ ಕಚೇರಿ ಬಂದ ಮೇಲೆ ಚಿಕ್ಕಮಗಳೂರು ಜಿಲ್ಲೆಗೆ 66 ಕೂಡ ಸೇರಿತು.

ವಾಹನಕ್ಕೆ ನಂಬರ್ ಕಟ್ಟುವ ಪದ್ಧತಿ 1893ರಲ್ಲಿ ಪ್ಯಾರಿಸ್ ಪೊಲೀಸರ ಆದೇಶದಿಂದ ಶುರುವಾಯಿತು. ನಮ್ಮಲ್ಲಿ ಈಗಿನ ‘ಕೆಎ’ ಕ್ರಮ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದಾಗ. ಅದಕ್ಕೂ ಮೊದಲು ಮೂರು ಇಂಗ್ಲಿಷ್ ಅಕ್ಷರ, ಮುಂದೆ ಅಂಕಿ. ‘ಎಂವೈ’ಯಿಂದ ಶುರುವಾಗುವ ನಂಬರಿನಲ್ಲಿ ಹಳೆಯ ಮೈಸೂರು ರಾಜ್ಯದ ಹೆಸರೇ ಉಳಿದಿದೆ. ಅಂಥ ನಂಬರಿನ ಜೀಪು ಕಂಡರೆ ಒಮ್ಮೆ ನಿಂತು ನೋಡಿ, ಅದೂ ಒಂದು ದಾಖಲೆಯೇ.

ಬಣ್ಣಕ್ಕೂ ಅರ್ಥವಿದೆ. ಸ್ವಂತ ಕಾರಿಗೆ ವೈಟ್ ಬೋರ್ಡ್, ಮುಳ್ಳಯ್ಯನಗಿರಿಗೆ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆ ಜೀಪಿಗೆ ಎಲ್ಲೋ ಬೋರ್ಡ್. ನಾವೇ ಓಡಿಸಲು ಬಾಡಿಗೆಗೆ ಪಡೆಯುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ವಿದ್ಯುತ್ ವಾಹನಗಳದ್ದು ಹಸಿರು. ಕೆಎ 18ರ ಮುಂದೆ ‘ಎಫ್’ ಇದ್ದರೆ ಅದು ಕೆಎಸ್ಆರ್‌ಟಿಸಿ ಬಸ್ಸು. ‘ಜಿ’ ಇದ್ದರೆ ಸರ್ಕಾರಿ ವಾಹನ. ಕೊಪ್ಪದ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆಯ ಬಸ್ಸುಗಳಲ್ಲಿ ಶಾಲೆಗೆ ಹೋದವರಿಗೆ ಕೆಎ 18 ಬರಿಯ ಅಂಕಿಯಲ್ಲ.

ಈಗ ಎಲ್ಲ ಫಲಕವೂ ಒಂದೇ ಅಚ್ಚಿನವು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯ. 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಹಳೆಯವಕ್ಕೂ ಕಡ್ಡಾಯ ಮಾಡಿ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿತು. ಅಲ್ಯೂಮಿನಿಯಂ ಹಾಳೆಯ ಮೇಲೆ ಉಬ್ಬಿದ ಅಕ್ಷರ, ಅಶೋಕ ಚಕ್ರದ ಹೊಲೋಗ್ರಾಮ್, ಲೇಸರ್‌ನಲ್ಲಿ ಕೊರೆದ ಗುರುತಿನ ಸಂಖ್ಯೆ. ಒಮ್ಮೆ ಕೂರಿಸಿದ ಲಾಕನ್ನು ಮುರಿಯದೆ ಬಿಚ್ಚಲಾಗದು. ಕದ್ದ ಗಾಡಿಗೆ ಬೇರೆ ನಂಬರ್ ಹಾಕುವುದನ್ನು ತಡೆಯಲು ಇದು ಬೇಕೇ ಬೇಕಿತ್ತು.

ಆದರೆ ಕುಂಚ ಹಿಡಿದು ನಂಬರ್ ಬರೆಯುತ್ತಿದ್ದ ಪೇಂಟರ್‌ಗಳ ಕೆಲಸ ಹೋಯಿತು. ನಿಯಮದಲ್ಲಿ ಇಲ್ಲದಿದ್ದರೂ ಪ್ರೀತಿಯಿಂದ ಕನ್ನಡ ಅಂಕಿ ಬರೆಸಿಕೊಳ್ಳುವವರಿದ್ದರು. ‘೧೮’ರ ಆ ದುಂಡು ತಿರುವಿಗೆ ಒಳ್ಳೆಯ ಕೈ ಬೇಕಿತ್ತು. ಇಂಗ್ಲಿಷ್ ಅಕ್ಷರದ ಕೆಳಗೆ ಕನ್ನಡಕ್ಕೂ ಒಂದು ಸಾಲು ಜಾಗ ಕೊಟ್ಟಿದ್ದರೆ ಭದ್ರತೆಗೇನೂ ಕುಂದಾಗುತ್ತಿರಲಿಲ್ಲ. ಈಗಲೂ ಕೊಡಬಹುದು.